ದೂರು ಬರೆದುಕೊಳ್ಳುವವರು

ಧಾರೇಶ್ವರ ಹೆದ್ದಾರಿ ಬದಿಯ ಊರು. ಕುಮಟಾ ಬಿಟ್ಟು ಹೊನ್ನಾವರದ ಕಡೆ ಹೊರಟರೆ ಹತ್ತು ಕಿಲೋಮೀಟರ್ ಆಗುವ ಮೊದಲೇ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕ ಸಿಗುತ್ತದೆ. ಧಾರಾನಾಥನ ಗುಡಿ, ಅದರಾಚೆ ಕಡಲು, ನಡುವೆ ತೆಂಗಿನ ತೋಟ ಮತ್ತು ಮನೆಗಳು. ಇಲ್ಲಿಯ ಒಂದು ಮನೆಯಲ್ಲಿ ರಾತ್ರಿ ಹೊತ್ತು ಹೆಂಗಸೊಬ್ಬಳಿಗೆ ಪೆಟ್ಟು ಬಿತ್ತು ಅಂದುಕೊಳ್ಳಿ. ಪೊಲೀಸ್ ಠಾಣೆ ಇರುವುದು ಕುಮಟಾದಲ್ಲಿ. ಗಾಯ ನೋಡಿ ಬರೆದುಕೊಡಬೇಕಾದ ತಾಲೂಕು ಆಸ್ಪತ್ರೆಯೂ ಅಲ್ಲೇ, ನ್ಯಾಯಾಲಯವೂ ಅಲ್ಲೇ. ಆಶ್ರಯ, ವಕೀಲರ ನೆರವು, ಆಪ್ತ ಸಮಾಲೋಚನೆ ಎಲ್ಲವೂ ಒಂದೇ ಸೂರಿನಡಿ ಸಿಗಲಿ ಎಂದು ಜಿಲ್ಲೆಗಳಲ್ಲಿ ತೆರೆದ 'ಸಖಿ' ಕೇಂದ್ರ ಬೇಕಿದ್ದರೆ ಕಾರವಾರಕ್ಕೆ ಹೋಗಬೇಕು. ಕುಮಟಾದಿಂದ ಅದು ಇನ್ನೂ ಸುಮಾರು 70 ಕಿಲೋಮೀಟರ್. ಮೈ ಸುಟ್ಟಿದ್ದರೆ ಆ ದಾರಿಯೂ ಸಾಲದು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಜನ ವರ್ಷಗಟ್ಟಲೆ ಬೀದಿಗಿಳಿದು ಕೇಳಿದ್ದು ಸುಮ್ಮನೆ ಅಲ್ಲ. ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಆಂಬುಲೆನ್ಸ್ ಓಡಬೇಕು. ಜಿಲ್ಲೆಯ ಗಡಿ ದಾಟಿದ ಮೇಲೆ ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಕಾಗದವೂ ಓಡಾಡಬೇಕು.

ಈ ದೂರವನ್ನು ಬಸ್ಸಿನ ಟಿಕೆಟ್ಟಿನಲ್ಲಿ ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಸಿಗದ ದೂರ ಮನೆಯ ಹೊಸ್ತಿಲಿನಿಂದಲೇ ಶುರುವಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತೆಯರ ಪೈಕಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಹಿಂದಿನ ಸುತ್ತಿನಲ್ಲಿ ಇದು ಶೇ 20.6 ಇತ್ತು. ಐದನೇ ಸುತ್ತಿನಲ್ಲಿ ದೇಶದ ಸರಾಸರಿ ಶೇ 29.3 ಇತ್ತು, ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೇ ಎಲ್ಲರಿಗಿಂತ ಮೇಲಿತ್ತು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಹೇಳದೆ ಹೊರಗೆ ಹೋದರೆ, ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಅತ್ತೆ-ಮಾವನಿಗೆ ಗೌರವ ಕೊಡದಿದ್ದರೆ, ಅಡುಗೆ ಸರಿಯಾಗದಿದ್ದರೆ ಗಂಡ ಹೊಡೆಯುವುದು ಸರಿಯೇ? ಇಂಥ ಏಳು ಕಾರಣಗಳಲ್ಲಿ ಒಂದಕ್ಕಾದರೂ 'ಸರಿ' ಎಂದ ಗಂಡಸರು ಕರ್ನಾಟಕದಲ್ಲಿ ಶೇ 81.9. ಹಾಗೆಂದ ಹೆಂಗಸರು ಶೇ 76.9.

ಠಾಣೆಯ ಕುರ್ಚಿಯಲ್ಲಿ, ಆಸ್ಪತ್ರೆಯ ಮೇಜಿನ ಹಿಂದೆ, ನ್ಯಾಯಪೀಠದಲ್ಲಿ ಕೂರುವವರು ಬೇರೆ ಲೋಕದಿಂದ ಇಳಿದು ಬಂದವರಲ್ಲ. ಇದೇ ಮನೆಗಳಿಂದ ಊಟ ಮಾಡಿಕೊಂಡು ಕೆಲಸಕ್ಕೆ ಬರುವವರು. ಹೆಣ್ಣಿನ ಮೇಲಿನ ಹಿಂಸೆಯ ಬಗ್ಗೆ ಸಂಸ್ಥೆಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಕೇಳುವವರು ಈ ಸಂಗತಿಯನ್ನು ಮರೆಯುವಂತಿಲ್ಲ. ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರ ಪೈಕಿ ಶೇ 77ರಷ್ಟು ಮಂದಿ ಯಾರ ನೆರವನ್ನೂ ಕೇಳಿಲ್ಲ, ಯಾರಿಗೂ ಹೇಳಿಲ್ಲ ಎಂದು ಆ ಸಮೀಕ್ಷೆಯೇ ಹೇಳುತ್ತದೆ. ನೆರವು ಕೇಳಿದ್ದು ಶೇ 14ರಷ್ಟು ಮಂದಿ ಮಾತ್ರ. ಅವರಲ್ಲೂ ಹೆಚ್ಚಿನವರು ಮೊದಲು ಹೋದದ್ದು ತವರಿಗೆ. ಠಾಣೆಯ ಮೆಟ್ಟಿಲು ಹತ್ತಿದವಳು ತವರಿಗೆ ಹೇಳಿ, ನೆಂಟರಿಗೆ ಹೇಳಿ, ಊರಿನ ಹಿರಿಯರಿಗೆ ಹೇಳಿ, ಎಲ್ಲೂ ಆಗದೆ ಕೊನೆಗೆ ಬಂದವಳು.

ಹಾಗೆ ಬಂದವಳ ಮಾತು ಯಾವ ಕಾಗದದ ಮೇಲೆ ಇಳಿಯುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಎಫ್‌ಐಆರ್ ಆದರೆ ಒಂದು ದಾರಿ. ಆದರೆ ಬಹಳ ಸಲ ಅದು 'ಅರ್ಜಿ'ಯಾಗಿ ಉಳಿಯುತ್ತದೆ. ಗಂಡನನ್ನು ಕರೆಸಿ, ಗದರಿಸಿ, ಇನ್ನು ಮುಂದೆ ಹೊಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು, ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸುವುದು ವಾಡಿಕೆ. 'ನೋಡು ತಂಗಿ, ಸಂಸಾರ ಅಂದಮೇಲೆ ಇದೆಲ್ಲ ಇದ್ದದ್ದೇ, ಮಕ್ಕಳ ಮುಖ ನೋಡು' ಎಂಬ ಬುದ್ಧಿಮಾತು ಜೊತೆಗೆ. ಹೇಳುವವರಿಗೆ ಇದು ಉಪಕಾರವೆಂದೇ ಅನ್ನಿಸುತ್ತದೆ. ಕೇಸಾದರೆ ಮನೆ ಮುರಿಯುತ್ತದೆ, ಕೋರ್ಟು ವರ್ಷಗಟ್ಟಲೆ ಎಳೆಯುತ್ತದೆ ಎಂಬ ಅವರ ಮಾತೂ ಸುಳ್ಳಲ್ಲ. ಆದರೆ ಆ ರಾತ್ರಿ ದೂರು ಕೊಟ್ಟವಳು, ಯಾರ ಮೇಲೆ ದೂರು ಕೊಟ್ಟಳೋ ಅವನ ಜೊತೆಗೇ ಅದೇ ಬಾಗಿಲೊಳಗೆ ಹೋಗುತ್ತಾಳೆ. ಮುಂದೆ ಏನಾದರೂ ಆದರೆ, ಅವಳು ಮೊದಲೇ ಬಂದು ಹೇಳಿದ್ದಳು ಎನ್ನುವುದಕ್ಕೆ ಒಂದು ಎಫ್‌ಐಆರ್ ಸಂಖ್ಯೆಯೂ ಇರುವುದಿಲ್ಲ.

ಕಾನೂನು ಇಲ್ಲಿ ಗೊಂದಲವಿಲ್ಲದೆ ಮಾತಾಡಿದೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್‌ನಲ್ಲಿ ಹೇಳಿತು. ಗಂಡ-ಹೆಂಡಿರ ವ್ಯಾಜ್ಯದಂಥ ಕೆಲವು ಬಗೆಯ ಪ್ರಕರಣಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸಬಹುದೆಂಬ ಸಣ್ಣ ಬಾಗಿಲನ್ನು ಅದೇ ತೀರ್ಪು ತೆರೆದಿಟ್ಟಿತು. ಠಾಣೆಗಳ ರಾಜಿ ಪಂಚಾಯ್ತಿಕೆ ನಡೆಯುವುದು ಆ ಬಾಗಿಲಿನೊಳಗೇ. ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಅಪರಾಧಗಳ ಮಾಹಿತಿ ದಾಖಲಿಸದ ಪೊಲೀಸ್ ಅಧಿಕಾರಿಗೇ ಶಿಕ್ಷೆ ಎಂಬ ನಿಯಮ 2012ರ ದೆಹಲಿ ಅತ್ಯಾಚಾರದ ನಂತರ, ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿಯ ಬೆನ್ನಿಗೆ ಬಂತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಮು. ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿರಲಿ, ಮಾಹಿತಿ ಬಂದ ಠಾಣೆಯವರು ಬರೆದುಕೊಳ್ಳಲೇಬೇಕು. 'ಇದು ನಮ್ಮ ಹದ್ದಲ್ಲ, ಹೊನ್ನಾವರಕ್ಕೆ ಹೋಗಿ' ಎಂದು ಸಾಗಹಾಕುವಂತಿಲ್ಲ.

ಬರೆದುಕೊಳ್ಳುವುದಷ್ಟೇ ಅಲ್ಲ, ಏನೆಂದು ಬರೆದುಕೊಳ್ಳುತ್ತಾರೆ ಎಂಬುದೂ ಮುಖ್ಯ. ಅದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಉದಾಹರಣೆಯಿದೆ, ಅದನ್ನು ಬೆಳಕಿಗೆ ತಂದವರು ಬೆಂಗಳೂರಿನ 'ವಿಮೋಚನಾ' ಸಂಘಟನೆಯ ಹೆಂಗಸರು.

1970ರ ದಶಕದ ಕೊನೆಯಲ್ಲಿ ಹುಟ್ಟಿದ ವಿಮೋಚನಾ, 90ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗತೊಡಗಿತು. ಅಲ್ಲಿ ಮಲಗಿದ್ದವರು ಬಹುತೇಕ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು. ಕೇಳಿದರೆ ಬರುವ ಉತ್ತರ ಒಂದೇ: 'ಸ್ಟವ್ ಬರ್ಸ್ಟ್'. ಪಂಪ್ ಒತ್ತುವ ಸೀಮೆಎಣ್ಣೆ ಸ್ಟವ್ ಮನೆಮನೆಯಲ್ಲೂ ಇದ್ದ ಕಾಲ ಅದು. ಸ್ಟವ್ ಸಿಡಿಯುವುದು ಅಸಾಧ್ಯವೇನಲ್ಲ. ಆದರೆ ಅದೇ ಸ್ಟವ್ ಸೊಸೆಯಂದಿರ ಕೈಯಲ್ಲಿ ಮಾತ್ರ ಸಿಡಿದು, ಅತ್ತೆಯ ಕೈಯಲ್ಲಿ, ಅಡುಗೆ ಭಟ್ಟರ ಕೈಯಲ್ಲಿ ಸಿಡಿಯದೆ ಇರುವುದು ಹೇಗೆ? ಆ ಹೆಂಗಸರು ಪೊಲೀಸರ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿದರು. 1997ರ ಒಂದೇ ವರ್ಷದಲ್ಲಿ ಬೆಂಗಳೂರಿನಲ್ಲಿ 1,133 ಹೆಂಗಸರ ಅಸಹಜ ಸಾವು. ಅದರಲ್ಲಿ ಕೊಲೆ ಎಂದು ಬರೆದುಕೊಂಡಿದ್ದು 157. ಆತ್ಮಹತ್ಯೆ 546. ಅಪಘಾತ 430.

ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ಠಾಣೆಯ ಅತಿ ಸಾಮಾನ್ಯ ಕಡತ. ಮರದಿಂದ ಬಿದ್ದವರು, ಹೊಳೆಯಲ್ಲಿ ಮುಳುಗಿದವರು, ಹಾವು ಕಚ್ಚಿದವರು ಎಲ್ಲರೂ ಮೊದಲು ಆ ಕಡತದಲ್ಲೇ. ಅಲ್ಲಿ 'ಅಪಘಾತ' ಎಂಬ ಪದ ಕೂತಿತೆಂದರೆ ಮುಂದೆ ಯಾರೂ ಏನನ್ನೂ ಹುಡುಕುವುದಿಲ್ಲ. ಸ್ಟವ್ ಜಪ್ತಿ ಮಾಡಲಿಲ್ಲ, ಅಡುಗೆಮನೆಯ ಗೋಡೆಗೆ ಮಸಿ ಹಿಡಿದಿತ್ತೇ ನೋಡಲಿಲ್ಲ, ಅಕ್ಕಪಕ್ಕದವರು ಏನು ಕೇಳಿಸಿಕೊಂಡರೆಂದು ವಿಚಾರಿಸಲಿಲ್ಲ. ಸಾಯುವವಳ ಹೇಳಿಕೆ ಬರೆದುಕೊಳ್ಳುವಾಗ ಗಂಡನೋ ಅತ್ತೆಯೋ ಮಂಚದ ಪಕ್ಕದಲ್ಲಿ ನಿಂತಿದ್ದರೆ, ಮನೆಯಲ್ಲಿ ಎಳೆ ಮಗುವಿದ್ದರೆ, ಅವಳ ಬಾಯಿಂದ ಸ್ಟವ್ ಎಂಬ ಪದವಲ್ಲದೆ ಬೇರೇನು ಬರಬೇಕು? ತಾನು ಹೋದಮೇಲೆ ಆ ಮಗುವನ್ನು ಸಾಕಬೇಕಾದವರು ಅಲ್ಲೇ ನಿಂತಿದ್ದಾರೆ.

ಇಂಥದ್ದನ್ನು ತಡೆಯಲೆಂದೇ 80ರ ದಶಕದಲ್ಲಿ ಕಾನೂನು ಬದಲಾಗಿತ್ತು. 1983ರಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯ ಪ್ರತ್ಯೇಕ ಅಪರಾಧವಾಯಿತು, 1986ರಲ್ಲಿ ವರದಕ್ಷಿಣೆ ಸಾವು ಎಂಬ ಕಲಮು ಬಂತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರಷ್ಟೇ ನೋಡಿದರೆ ಸಾಲದು, ಕಾರ್ಯನಿರ್ವಾಹಕ ದಂಡಾಧಿಕಾರಿ ತನಿಖೆ ನಡೆಸಬೇಕು, ಶವಪರೀಕ್ಷೆ ಆಗಬೇಕು ಎಂದಾಯಿತು. ಇವತ್ತಿಗೂ ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಅಂಥ ಸಾವಾದರೆ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ಬಂದು ಪಂಚನಾಮೆ ಮಾಡುವುದು ಇದೇ ನಿಯಮದಿಂದ. ನಿಯಮ ಬಂದು ಹತ್ತು ವರ್ಷ ಕಳೆದ ಮೇಲೂ ರಾಜಧಾನಿಯಲ್ಲಿ 430 ಹೆಂಗಸರು ಒಂದೇ ವರ್ಷದಲ್ಲಿ 'ಅಪಘಾತ'ಕ್ಕೆ ಸಿಕ್ಕರು. ಇದರಲ್ಲಿ ಕಾನೂನಿನ ಪುಸ್ತಕಕ್ಕಿಂತ ಅದನ್ನು ತೆರೆಯದ ಕೈಗಳ ಪಾಲು ದೊಡ್ಡದು.

ವಿಮೋಚನಾದವರು ಮಾಡಿದ್ದು ಸರಳವಾದ, ಆದರೆ ಯಾರೂ ಮಾಡದೆ ಬಿಟ್ಟಿದ್ದ ಕೆಲಸ: ಪ್ರತಿ ಸಾವಿನ ಹಿಂದೆ ಹೋಗಿ, ಕುಟುಂಬದವರನ್ನು ಕಂಡು, ಕಡತವನ್ನು ಮತ್ತೆ ಓದಿದ್ದು. ಪೊಲೀಸರು ಕೇಳದ ಪ್ರಶ್ನೆಗಳನ್ನು ಸಂಘದ ಹೆಂಗಸರು ಕೇಳಿದ್ದರಿಂದಲೇ 'ಸ್ಟವ್ ಬರ್ಸ್ಟ್' ಎಂಬ ಮಾತು ಪತ್ರಿಕೆಗಳಲ್ಲಿ ಅನುಮಾನದ ಮಾತಾಯಿತು.

ಕಾಲು ಶತಮಾನ ದಾಟಿ ಹುಬ್ಬಳ್ಳಿಗೆ ಬರೋಣ. ಕುಮಟಾ-ಶಿರಸಿ ಕಡೆಯ ಮಕ್ಕಳು ಓದಲು, ಕೆಲಸ ಹುಡುಕಲು ಹೋಗುವ ಊರು ಅದು. 2024ರ ಏಪ್ರಿಲ್ 18ರಂದು ಅಲ್ಲಿಯ ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳನ್ನು ಇರಿದು ಕೊಂದರು. ಊರೆಲ್ಲ ಹೊತ್ತಿ ಉರಿಯಿತು, ಮೆರವಣಿಗೆಗಳಾದವು, ನಾಯಕರು ಸಾಲುಗಟ್ಟಿ ಬಂದರು. ಒಂದು ತಿಂಗಳೂ ಆಗಲಿಲ್ಲ. ಮೇ 15ರ ಬೆಳಗಿನ ಜಾವ ವೀರಾಪುರ ಓಣಿಯಲ್ಲಿ 20 ವರ್ಷದ ಇನ್ನೊಬ್ಬ ಯುವತಿಯನ್ನು ಮನೆಗೇ ನುಗ್ಗಿ ಕೊಲ್ಲಲಾಯಿತು. ಆ ಯುವಕ ಬೆದರಿಕೆ ಹಾಕುತ್ತಿದ್ದಾನೆಂದು ಮೊದಲೇ ಠಾಣೆಗೆ ಹೋಗಿ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಅಜ್ಜಿ ಅತ್ತು ಹೇಳಿದರು. ಠಾಣೆಯ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅಮಾನತಾದರು, ಆಮೇಲೆ ಮೇಲಧಿಕಾರಿಯೊಬ್ಬರಿಗೂ ಅದೇ ಆಯಿತು. ತನಿಖೆ ಸಿಐಡಿಗೆ ಹೋಯಿತು.

ಮೊದಲ ಕೊಲೆಯ ಬೆನ್ನಿಗೆ ಇಡೀ ರಾಜ್ಯ ಹುಬ್ಬಳ್ಳಿಯನ್ನೇ ನೋಡುತ್ತಿದ್ದ ಹೊತ್ತಿನಲ್ಲೂ ಬಡ ಮನೆಯ ಅಜ್ಜಿಯೊಬ್ಬಳ ಮಾತಿಗೆ ತೂಕ ಬರಲಿಲ್ಲ. ಸತ್ತ ಮೇಲೆ ಅಮಾನತು ಮಾಡುವುದು ಸರ್ಕಾರಕ್ಕೆ ಸುಲಭ. ಬೆದರಿಕೆಯ ಮಾತು ಬಂದ ದಿನವೇ ಅದನ್ನು ಬರೆದುಕೊಂಡು, ಆ ಹುಡುಗನನ್ನು ಕರೆಸಿ, ಆ ಮನೆಯ ಕಡೆ ಬೀಟ್ ಪೊಲೀಸರನ್ನು ಕಳಿಸುವುದಕ್ಕೆ ಯಾವ ಹೊಸ ಕಾನೂನೂ ಬೇಕಿರಲಿಲ್ಲ. ಅಮಾನತಾದವರಲ್ಲಿ ಮಹಿಳೆಯೂ ಇದ್ದರು ಎನ್ನುವುದನ್ನು ಗಮನಿಸಬೇಕು. ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಇರಬೇಕು, ಖಂಡಿತ ಇರಬೇಕು. ಆದರೆ ಖಾಕಿಯೊಳಗಿನ ರೂಢಿ ಬದಲಾಗದಿದ್ದರೆ ಅವರೂ ಅದೇ ರೂಢಿಯನ್ನೇ ಕಲಿಯುತ್ತಾರೆ.

ಬಡಗುತಿಟ್ಟಿನ ಯಕ್ಷಗಾನದ ಈ ಸೀಮೆಯಲ್ಲಿ 'ಕೀಚಕ ವಧೆ' ನೋಡದೆ ಬೆಳೆದವರು ಕಡಿಮೆ. ಕೆರೆಮನೆಯವರ ಹೊನ್ನಾವರ ಇದು, ಭಾಗವತ ಸುಬ್ರಹ್ಮಣ್ಯ ಧಾರೇಶ್ವರರ ಹೆಸರಿನಲ್ಲೇ ಊರಿನ ಹೆಸರಿದೆ. ಆ ಪ್ರಸಂಗದಲ್ಲಿ ಪ್ರೇಕ್ಷಕರು ಭೀಮನ ಪ್ರವೇಶಕ್ಕೆ ಕಾಯುತ್ತಾರೆ. ಅದಕ್ಕೂ ಮೊದಲು ನಡೆಯುವುದನ್ನು ನಿಧಾನವಾಗಿ ನೋಡಬೇಕು. ಕೀಚಕ ತುಂಬಿದ ಸಭೆಯಲ್ಲಿ ಸೈರಂಧ್ರಿಯನ್ನು ಒದೆಯುತ್ತಾನೆ. ಅವಳು ದೊರೆಯನ್ನೇ ನ್ಯಾಯ ಕೇಳುತ್ತಾಳೆ. ವಿರಾಟರಾಯ ಕೆಟ್ಟವನಲ್ಲ, ಆದರೆ ಕೀಚಕ ಅವನ ಹೆಂಡತಿಯ ತಮ್ಮ, ಮೇಲಾಗಿ ಸೇನಾಪತಿ. ಅವನಿಲ್ಲದೆ ರಾಜ್ಯ ನಡೆಯದು. ದೊರೆ ನುಣುಚಿಕೊಳ್ಳುತ್ತಾನೆ, ಸಭೆ ಸುಮ್ಮನಿರುತ್ತದೆ. ಆಮೇಲೆ ಅವಳಿಗೆ ಉಳಿಯುವುದು ರಾತ್ರಿಯ ಅಡುಗೆಮನೆ ಮತ್ತು ಭೀಮನ ತೋಳು ಮಾತ್ರ. ಸಭೆ ಕೈಬಿಟ್ಟಲ್ಲಿ ಸೇಡು ಹುಟ್ಟುತ್ತದೆಂದು ಕರಾವಳಿಯ ರಂಗಸ್ಥಳ ತಲೆಮಾರುಗಳಿಂದ ಆಡಿ ತೋರಿಸುತ್ತಲೇ ಇದೆ.

ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಮಂಗಳೂರು. 2009ರ ಜನವರಿ 24ರಂದು ಅಲ್ಲಿಯ ಪಬ್ ಒಂದಕ್ಕೆ ಶ್ರೀರಾಮ ಸೇನೆಯ ಗುಂಪು ನುಗ್ಗಿ ಹುಡುಗಿಯರನ್ನು ಹೊಡೆದು, ಕೂದಲು ಹಿಡಿದು ಎಳೆದಾಡಿತು. ಕ್ಯಾಮೆರಾಗಳು ಅಲ್ಲೇ ಇದ್ದವು, ದೇಶವೇ ನೋಡಿತು. ತನಿಖೆಗೆಂದು ರಾಷ್ಟ್ರೀಯ ಮಹಿಳಾ ಆಯೋಗದ ಸದಸ್ಯೆ ನಿರ್ಮಲಾ ವೆಂಕಟೇಶ್ ಬಂದರು. ಅವರಿಗೆ ಕಂಡದ್ದು ಪಬ್ಬಿನ ಭದ್ರತೆಯ ಕೊರತೆ, ಪರವಾನಗಿಯ ತಕರಾರು. ಹುಡುಗಿಯರು ತಮ್ಮನ್ನು ತಾವು ಕಾಪಾಡಿಕೊಳ್ಳಬೇಕೆಂಬ ಮಾತೂ ಬಂತು. ಮಹಿಳಾ ಆಯೋಗವೇ ಆ ನಿಲುವನ್ನು ಒಪ್ಪಲಿಲ್ಲ, ಮುಂದಿನ ತಿಂಗಳು ಅವರನ್ನು ಸ್ಥಾನದಿಂದ ಕೆಳಗಿಳಿಸಲಾಯಿತು. ಸಂಸ್ಥೆಯೊಂದು ತನ್ನೊಳಗಿನ ತಪ್ಪನ್ನು ತಾನೇ ತಿದ್ದಿಕೊಂಡ ಅಪರೂಪದ ಸಂದರ್ಭವಿದು, ಅದನ್ನು ಮೆಚ್ಚಲೇಬೇಕು. ಆದರೆ ಮುಖ್ಯ ಪ್ರಕರಣ ಒಂಬತ್ತು ವರ್ಷ ಕುಂಟಿತು. 2018ರ ಮಾರ್ಚ್‌ನಲ್ಲಿ ಸಾಕ್ಷ್ಯ ಸಾಲದೆಂದು ಆರೋಪಿಗಳೆಲ್ಲ ಖುಲಾಸೆಯಾದರು.

ಪಬ್ ದಾಳಿಯಾಗಿ ಮೂರು ವರ್ಷದ ನಂತರ, 2012ರ ಜುಲೈ 28ರಂದು, ಮಂಗಳೂರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ-ಹುಡುಗಿಯರ ಮೇಲೆ ಗುಂಪು ಬಿತ್ತು. ಅದನ್ನು ಚಿತ್ರೀಕರಿಸಿ ಲೋಕಕ್ಕೆ ತೋರಿಸಿದ ಟಿ.ವಿ. ವರದಿಗಾರ ನವೀನ್ ಸೂರಿಂಜೆಯವರನ್ನೇ ಪೊಲೀಸರು ಆರೋಪಿಗಳ ಪಟ್ಟಿಗೆ ಸೇರಿಸಿದರು. ಅವರು ತಿಂಗಳುಗಟ್ಟಲೆ ಜೈಲಿನಲ್ಲಿ ಕಳೆಯಬೇಕಾಯಿತು. 2024ರ ಆಗಸ್ಟ್‌ನಲ್ಲಿ ಈ ಪ್ರಕರಣದ ಆರೋಪಿಗಳೂ ಖುಲಾಸೆಯಾದರು. ಹನ್ನೆರಡು ವರ್ಷದಲ್ಲಿ ಆ ಹುಡುಗಿಯರು ಮದುವೆಯಾಗಿ, ಊರು ಬಿಟ್ಟು, ಎಲ್ಲೆಲ್ಲೋ ಬದುಕು ಕಟ್ಟಿಕೊಂಡಿರುತ್ತಾರೆ. ಅದೇ ಊರಿನ ಕೋರ್ಟಿಗೆ ಮತ್ತೆ ಬಂದು ಅದೇ ರಾತ್ರಿಯನ್ನು ಹೇಳಿ ಎಂದರೆ ಎಷ್ಟು ಜನ ಬಂದಾರು? ತಡವಾದಷ್ಟೂ ಸಾಕ್ಷಿ ಸೊರಗುತ್ತದೆ, ಸೊರಗಿದ ಸಾಕ್ಷಿಯಿಂದ ಖುಲಾಸೆ ಹುಟ್ಟುತ್ತದೆ, ಖುಲಾಸೆಯನ್ನು ತೋರಿಸಿ 'ನೋಡಿ, ದೂರೇ ಸುಳ್ಳು' ಎನ್ನುವವರು ಹುಟ್ಟುತ್ತಾರೆ.

ನ್ಯಾಯಪೀಠದ ಮಾತಿಗೂ ಇದೇ ಪರೀಕ್ಷೆ ಇದೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅತ್ಯಾಚಾರ ಆರೋಪಿಯೊಬ್ಬನಿಗೆ ನಿರೀಕ್ಷಣಾ ಜಾಮೀನು ಕೊಟ್ಟ ಆದೇಶದಲ್ಲಿ, ಕೃತ್ಯದ ನಂತರ ದಣಿದು ನಿದ್ದೆಹೋದೆ ಎಂದ ಮಹಿಳೆಯ ಮಾತು ಭಾರತೀಯ ನಾರಿಗೆ ಒಪ್ಪುವಂಥದ್ದಲ್ಲ ಎಂಬರ್ಥದ ಸಾಲು ಬರೆದರು. ದೇಶದಾದ್ಯಂತ ಹೆಂಗಸರು, ವಕೀಲರು ಪ್ರಶ್ನಿಸಿದರು. ಅತ್ಯಾಚಾರವಾದ ಮೇಲೆ ಹೆಣ್ಣು ಹೀಗೇ ನಡೆದುಕೊಳ್ಳಬೇಕು, ಓಡಬೇಕು, ಕೂಗಬೇಕು, ಕಣ್ಣು ಮುಚ್ಚಬಾರದು ಎಂದು ಯಾವ ಶಾಸ್ತ್ರ ಹೇಳುತ್ತದೆ? ಕೆಲವೇ ದಿನಗಳಲ್ಲಿ ಆ ಸಾಲನ್ನು ಆದೇಶದಿಂದ ತೆಗೆದುಹಾಕಲಾಯಿತು.

ಮೂರೂವರೆ ವರ್ಷ ಕಳೆದು 2023ರ ಡಿಸೆಂಬರ್. ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟನೆಂದು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಡುಗನ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿ ಹೊಡೆದರು. ಹೈಕೋರ್ಟ್ ಯಾರೂ ಕೇಳುವ ಮೊದಲೇ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಪೀಠದಲ್ಲಿದ್ದವರು ಆಗಿನ ಮುಖ್ಯ ನ್ಯಾಯಮೂರ್ತಿ ಪಿ.ಬಿ. ವರಾಳೆ ಮತ್ತು ಅದೇ ನ್ಯಾಯಮೂರ್ತಿ ದೀಕ್ಷಿತ್. ಊರಿಗೆ ಊರೇ ನಿಂತು ನೋಡಿದ್ದನ್ನು ಪೀಠ ಕಟುವಾಗಿ ಖಂಡಿಸಿತು; ತಡೆಯಲು ಹೋದವನೊಬ್ಬನನ್ನು ಹೊಗಳಿತು. ಬ್ರಿಟಿಷರ ಕಾಲದಲ್ಲಿ ವಿಲಿಯಂ ಬೆಂಟಿಂಕ್ ಇಡೀ ಹಳ್ಳಿಗೆ ಹಾಕುತ್ತಿದ್ದ ಪುಂಡುಗಂದಾಯವನ್ನು ನೆನಪಿಸಿ, ಸುಮ್ಮನೆ ನೋಡಿದವರಿಗೂ ದಂಡ ಬೀಳಲಿ ಎಂದಿತು. ಸಂತ್ರಸ್ತೆಯನ್ನು ನೋಡಲು ರಾಜಕಾರಣಿಗಳೂ ಸಂಘದವರೂ ಸಾಲುಗಟ್ಟುವುದನ್ನು ತಡೆಯಿತು. ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಮತ್ತು ಜಮೀನು ಕೊಟ್ಟಿತು, ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರು. 2020ರ ಆದೇಶವನ್ನು ಹೆಂಗಸರು ಪ್ರಶ್ನಿಸಿದ್ದು ವ್ಯರ್ಥವಾಯಿತೆಂದು ಇದನ್ನು ನೋಡಿದ ಮೇಲೆ ಹೇಳುವುದು ಕಷ್ಟ.

ಗಂಡನಾದ ಮಾತ್ರಕ್ಕೆ ಅತ್ಯಾಚಾರದ ಆರೋಪದಿಂದ ವಿನಾಯಿತಿ ಸಲ್ಲದು ಎಂದು ಇದೇ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2022ರ ಮಾರ್ಚ್‌ನಲ್ಲಿ ಬರೆದರು. ಆ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ನ್ಯಾಯ ಸಂಹಿತೆಯೂ, ಹೆಂಡತಿಗೆ 18 ವರ್ಷ ತುಂಬಿದ್ದರೆ, ಗಂಡನ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿದೆ.

ಆರೋಪಿ ಬಲಾಢ್ಯನಾದರೆ ಏನಾಗುತ್ತದೆ ಎಂಬುದಕ್ಕೆ ಹಾಸನದ ಪ್ರಕರಣ ಎರಡೂ ಬಗೆಯ ಉತ್ತರ ಕೊಡುತ್ತದೆ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಆಗಿನ ಸಂಸದ ಪ್ರಜ್ವಲ್ ರೇವಣ್ಣನ ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹಾಸನದಲ್ಲಿ ಹಂಚಿಕೆಯಾದವು. ಮುಖ ಮರೆಮಾಚದ ಹೆಂಗಸರ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಆ ಹೆಂಗಸರಿಗೆ ಅದು ಎರಡನೇ ಹಿಂಸೆ; ಅದನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಮತದಾನ ಮುಗಿದ ಬೆನ್ನಿಗೇ ಸಂಸದ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ದೇಶ ಬಿಟ್ಟ. ಇನ್ನೊಂದು ಕಡೆ, ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ನಾಗಲಕ್ಷ್ಮಿ ಚೌಧರಿ ಮುಖ್ಯಮಂತ್ರಿಗೆ ಪತ್ರ ಬರೆದು ವಿಶೇಷ ತನಿಖೆ ಕೇಳಿದರು, ಸರ್ಕಾರ ಬಿ.ಕೆ. ಸಿಂಗ್ ನೇತೃತ್ವದಲ್ಲಿ ಎಸ್‌ಐಟಿ ರಚಿಸಿತು. ತಂಡದಲ್ಲಿ ಇಬ್ಬರು ಮಹಿಳಾ ಐಪಿಎಸ್ ಅಧಿಕಾರಿಗಳಿದ್ದರು. ಅವರಲ್ಲೊಬ್ಬರಾದ ಸುಮನ್ ಪೆನ್ನೇಕರ್ ಹಿಂದೆ ಉತ್ತರ ಕನ್ನಡದ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದವರು. ಮೇ 31ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆರೋಪಿಯನ್ನು ಕರೆದೊಯ್ದದ್ದು ಮಹಿಳಾ ಪೊಲೀಸರು.

ಮನೆಗೆಲಸದ ಮಹಿಳೆಯೊಬ್ಬಳ ದೂರು, ಸೀರೆಯೊಂದರ ಮೇಲೆ ಉಳಿದಿದ್ದ ಡಿಎನ್‌ಎ ಸಾಕ್ಷ್ಯ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಹಿಂದೆ ಸರಿಯದೆ ನಿಂತ ಅವಳ ಮಾತು. ಪ್ರಕರಣ ದಾಖಲಾದ ಹದಿನೈದು ತಿಂಗಳೊಳಗೆ, 2025ರ ಆಗಸ್ಟ್ 1ರಂದು, ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಮಾಜಿ ಪ್ರಧಾನಿಯ ಮೊಮ್ಮಗನಾದ ಪ್ರಜ್ವಲ್‌ನನ್ನು ಅಪರಾಧಿ ಎಂದಿತು. ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅವನು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾನೆ. ಪಡೀಲಿನ ಹನ್ನೆರಡು ವರ್ಷಕ್ಕೂ ಹಾಸನದ ಹದಿನೈದು ತಿಂಗಳಿಗೂ ಇರುವ ಅಂತರದಲ್ಲಿ ತನಿಖಾ ತಂಡ, ಪ್ರಯೋಗಾಲಯ, ವಿಶೇಷ ನ್ಯಾಯಾಲಯ ಎಲ್ಲವೂ ಸೇರಿವೆ. ಎಲ್ಲ ಪ್ರಕರಣಕ್ಕೂ ಎಸ್‌ಐಟಿ ಸಿಗುವುದಿಲ್ಲ ನಿಜ. ಆದರೆ ಮಾಡುವ ಮನಸ್ಸಿದ್ದರೆ ಆಗುತ್ತದೆ ಎಂಬುದು ಸಾಬೀತಾದ ಮೇಲೆ, ಆಗದ ಕಡೆ ಕಾರಣ ಕೇಳುವ ಹಕ್ಕು ಜನರಿಗೆ ಬರುತ್ತದೆ.

ಕರಾವಳಿಯ ದುಡಿಯುವ ಹೆಂಗಸರ ವಿಷಯಕ್ಕೆ ಬಂದರೆ ಸಂಸ್ಥೆ ಎನ್ನುವುದೇ ಕಣ್ಣಿಗೆ ಕಾಣುವುದಿಲ್ಲ. ಕುಮಟಾದ ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಸುಲಿಯುವವರು, ಬುಟ್ಟಿ ಹೊತ್ತು ಮೀನು ಮಾರುವವರು, ಗೋಕರ್ಣ-ಮುರ್ಡೇಶ್ವರದ ಲಾಡ್ಜುಗಳಲ್ಲಿ ಕೋಣೆ ತೊಳೆಯುವವರು ಕೆಲಸದ ಜಾಗದಲ್ಲಿ ಕಿರುಕುಳವಾದರೆ ಯಾರನ್ನು ಕೇಳಬೇಕು? 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಮಾಲೀಕರೇ ಆಂತರಿಕ ಸಮಿತಿ ಮಾಡಬೇಕು. ಅದಕ್ಕಿಂತ ಚಿಕ್ಕ ಜಾಗಗಳಿಗೆ, ಮನೆಗೆಲಸದವರಿಗೆ, ಮಾಲೀಕನ ಮೇಲೇ ದೂರಿದ್ದವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಕಾರವಾರದವರೆಗೆ ಹೋಗಲಾಗದವರ ದೂರು ಪಡೆದು ಏಳು ದಿನದೊಳಗೆ ಸಮಿತಿಗೆ ತಲುಪಿಸಲು ಪ್ರತಿ ತಾಲೂಕಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಈ ವ್ಯವಸ್ಥೆ ಕಾಗದದಲ್ಲೇ ಉಳಿದಿದೆ ಎಂದು ಸುಪ್ರೀಂ ಕೋರ್ಟ್ ಬೇಸರಪಟ್ಟು, ರಾಜ್ಯಗಳಿಗೆ ಗಡುವು ಕೊಟ್ಟದ್ದು 2024ರ ಡಿಸೆಂಬರ್‌ನಲ್ಲಿ. ಆ ಪ್ರಕರಣ ಹೊರಟದ್ದು ಕಾರವಾರದ ಪಕ್ಕದ ಗೋವಾದ ವಿಶ್ವವಿದ್ಯಾಲಯದಿಂದ. ಮೀನು ಪೇಟೆಯ ಗೋಡೆಯ ಮೇಲೆ ಆ ನೋಡಲ್ ಅಧಿಕಾರಿಯ ಹೆಸರೂ ಫೋನ್ ನಂಬರೂ ಬರೆಸಲು ತಗಲುವುದು ಒಂದು ಡಬ್ಬಿ ಬಣ್ಣ.

ಸಂಸ್ಥೆಗಳು ಕೇಳಿಸಿಕೊಳ್ಳದಿದ್ದಾಗ ಈ ಜಿಲ್ಲೆಯ ಹೆಂಗಸರು ತಾವೇ ಗುಂಪುಗೂಡಿದ ನೆನಪು ದೂರದ್ದಲ್ಲ. ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ಲೋಕ ಹಾಲಕ್ಕಿ ಹಾಡುಗಳ ಕಣಜವೆಂದು ಬಲ್ಲದು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಸಾರಾಯಿಯ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದ ಸುಕ್ರಜ್ಜಿಯನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಸಾರಾಯಿ ಅಂಗಡಿಯಿಂದ ಮನೆಗೆ ಬರುವ ಪೆಟ್ಟಿನ ದಾರಿ ಆ ಹೆಂಗಸರಿಗೆ ಸಮೀಕ್ಷೆಯಿಲ್ಲದೆ ಗೊತ್ತಿತ್ತು. ರಾಜ್ಯ ಸರ್ಕಾರ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿದ್ದರ ಹಿಂದೆ ಇಂಥ ನೂರಾರು ಊರುಗಳ ಹೆಂಗಸರ ಕೂಗಿತ್ತು.

ಇವತ್ತು ಧಾರೇಶ್ವರದ ಹೆಂಗಸಿಗೆ ಅತಿ ಹತ್ತಿರದ ಕಾನೂನು ಬಾಗಿಲು ಯಾವುದೆಂದರೆ, ಬಹಳ ಜನ ಊಹಿಸದ ಒಂದು ಕಚೇರಿ: ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಕರ್ನಾಟಕ ಸರ್ಕಾರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿಗಳನ್ನಾಗಿ ನೇಮಿಸಿರುವುದು ಇವರನ್ನೇ. 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಈ ಕಾಯ್ದೆಯಲ್ಲಿ ಗಂಡನನ್ನು ಜೈಲಿಗೆ ಹಾಕಿಸುವುದು ಮುಖ್ಯವಲ್ಲ. ಹೊಡೆತ ನಿಲ್ಲಿಸುವ ರಕ್ಷಣಾ ಆದೇಶ, ಮನೆಯಿಂದ ಹೊರಹಾಕದಂತೆ ವಾಸದ ಆದೇಶ, ಖರ್ಚಿಗೆ ಹಣ, ಮಕ್ಕಳ ಸುಪರ್ದಿ ಇವು ಮುಖ್ಯ. ಅಧಿಕಾರಿ ಕೌಟುಂಬಿಕ ಘಟನಾ ವರದಿ ಬರೆದು ನ್ಯಾಯಾಧೀಶರಿಗೆ ಕಳಿಸಬೇಕು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು, 60 ದಿನದಲ್ಲಿ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ಪೌಷ್ಟಿಕ ಆಹಾರ, ಅಂಗನವಾಡಿ ಕಟ್ಟಡ, ಯೋಜನೆಗಳ ಅರ್ಜಿಗಳ ನಡುವೆ ಒಬ್ಬ ಅಧಿಕಾರಿ ಇದನ್ನೂ ಮಾಡಬೇಕೆಂದರೆ ಆ 60 ದಿನ ಹಿಗ್ಗದೆ ಇರುವುದಿಲ್ಲ. ಈ ಕೆಲಸಕ್ಕೆಂದೇ ಪೂರ್ಣಾವಧಿಯ ಅಧಿಕಾರಿ ತಾಲೂಕಿಗೊಬ್ಬರು ಬೇಕು. ಇದನ್ನು ಬಜೆಟ್ಟಿನಲ್ಲಿ ಕೇಳಬೇಕಾದವರು ಶಾಸಕರು. ಕುಮಟಾ-ಹೊನ್ನಾವರದ ಮತದಾರರು ಆಸ್ಪತ್ರೆಗೆ ಕೇಳಿದಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬಹುದು.

ಅಲ್ಲಿಯವರೆಗೆ ಠಾಣೆಗೆ ಹೋಗುವ ಹೆಂಗಸು, ಅವಳ ಜೊತೆ ಹೋಗುವ ಅಕ್ಕನೋ ಅತ್ತಿಗೆಯೋ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ಲೈಂಗಿಕ ದೌರ್ಜನ್ಯವಾದರೆ ಅವಳ ಮಾತನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಅತ್ಯಾಚಾರ, ಆ್ಯಸಿಡ್ ದಾಳಿಯ ಸಂತ್ರಸ್ತೆಗೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು, ಕೊಡದಿದ್ದರೆ ಅದೂ ಅಪರಾಧ. ಹೆಣ್ಣಿನ 'ಚಾರಿತ್ರ್ಯ' ಅಳೆಯುತ್ತಿದ್ದ ಎರಡು ಬೆರಳ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲೂ 2022ರಲ್ಲೂ ತಳ್ಳಿಹಾಕಿದೆ, ಯಾವ ವೈದ್ಯರೂ ಅದನ್ನು ಮಾಡುವಂತಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವಳಿಗೆ ಕಾಸಿಲ್ಲದೆ ಕೊಡಬೇಕು. ದೂರು ಬರೆದುಕೊಳ್ಳಲು ಠಾಣೆಯವರು ಒಪ್ಪದಿದ್ದರೆ, ಅದೇ ಮಾತನ್ನು ಒಂದು ಹಾಳೆಯಲ್ಲಿ ಬರೆದು ಕಾರವಾರದ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಕುಮಟಾದ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು. ವರಿಷ್ಠಾಧಿಕಾರಿಗೆ ಕಳಿಸುವ ಹಾಳೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಬೇಕು.